ಕೂಸಿನ ಕತ್ತಿನಲ್ಲಿ ಗಂಟು: ಗಂಟಿಗಿಂತ ಗೋಣಿನ ತಿರುವಿನ ಮೇಲೆ ಕಣ್ಣಿರಲಿ

ಪ್ರಶ್ನೆ: ನಾವು ಬೆಂಗಳೂರಿನ ವಿಜಯನಗರದವರು. ನನಗಿದು ಚೊಚ್ಚಲ ಹೆರಿಗೆ. ಮಗಳಿಗೆ ಈಗ ಆರು ವಾರ. ಕೊನೆಯ ತಿಂಗಳಾದರೂ ಮಗುವಿನ ತಲೆ ಕೆಳಕ್ಕೆ ತಿರುಗದ ಕಾರಣ ಸಿಸೇರಿಯನ್ ಮಾಡಿದರು. ಮೂರನೆಯ ವಾರದಲ್ಲಿ, ಎಣ್ಣೆ ಹಚ್ಚಿ ನೀರೆರೆಯಲು ಬರುವ ಅಜ್ಜಿ ‘ಬಲಗಡೆ ಕತ್ತಿನಲ್ಲಿ ಏನೋ ಗಟ್ಟಿ ಇದೆ ನೋಡಮ್ಮ’ ಎಂದರು. ಆಗ ಹುಣಸೆ ಬೀಜದಷ್ಟಿದ್ದದ್ದು ಈಗ ಖರ್ಜೂರದಷ್ಟಾಗಿದೆ. ಮುಟ್ಟಿದರೆ ಮಗು ಅಳುವುದಿಲ್ಲ. ತಲೆ ಬಲಕ್ಕೆ ವಾಲಿರುತ್ತದೆ, ಮುಖ ಸದಾ ಎಡಕ್ಕೆ. ಮಕ್ಕಳ ವೈದ್ಯರು ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿಸಿ, ‘ಇದು ಸ್ಟರ್ನೊಮಾಸ್ಟಾಯ್ಡ್ ಟ್ಯೂಮರ್, ಹೆದರಬೇಡಿ, ವ್ಯಾಯಾಮ ಮಾಡಿಸಿ’ ಎಂದರು. ಟ್ಯೂಮರ್ ಎಂದ ಮೇಲೆ ಹೆದರದಿರುವುದು ಹೇಗೆ? ನನ್ನವರ ಸ್ನೇಹಿತರೊಬ್ಬರು ಸಿ.ಟಿ. ಸ್ಕ್ಯಾನ್ ಮಾಡಿಸಿ, ಸೂಜಿ ಹಾಕಿ ತೆಗೆದು ಪರೀಕ್ಷಿಸಿ ಎನ್ನುತ್ತಾರೆ. ಅತ್ತೆಯವರು ಗ್ರಹಣದ ದಿನ ನಾನು ಹೊರಗೆ ಹೋದದ್ದನ್ನು ನೆನಪಿಸುತ್ತಾರೆ. ಪಕ್ಕದ ಮನೆಯವರು ಗಂಡಮಾಲೆ ಎಂದರು. ಅಜ್ಜಿಯು ಉಳುಕು, ಬಿಸಿ ಎಣ್ಣೆಯಲ್ಲಿ ತಿಕ್ಕಿ ಕರಗಿಸುತ್ತೇನೆ ಎನ್ನುತ್ತಾರೆ. ಹೆರಿಗೆಯಲ್ಲಿ ಡಾಕ್ಟರು ಎಳೆದದ್ದರಿಂದ ಹೀಗಾಯಿತೇ? ಆಪರೇಷನ್ ಬೇಕಾಗುತ್ತದೆಯೇ? ಇನ್ನೊಂದು ಮಾತು: ನಮ್ಮ ಅಕ್ಕನ ಮಗನಿಗೆ ಒಂಬತ್ತು ವರ್ಷ. ಅವನ ಕತ್ತಿನ ಒಂದು ಬದಿಯ ಸ್ನಾಯುವೂ ಇನ್ನೊಂದಕ್ಕಿಂತ ದಪ್ಪ, ಫೋಟೋಗಳಲ್ಲಿ ತಲೆ ವಾಲಿಸಿಯೇ ನಿಲ್ಲುತ್ತಾನೆ. ಶಾಲೆಯ ಬ್ಯಾಗ್ ಹೊತ್ತು ಹೀಗಾಗಿದೆ ಎಂದು ಅವರು ಸುಮ್ಮನಿದ್ದಾರೆ. ಇದು ನಮ್ಮ ವಂಶದಲ್ಲಿ ಬಂದದ್ದೇ?

ಉತ್ತರ: ನಿಮ್ಮ ಮೊದಲ ಭಯಕ್ಕೆ ಮೊದಲೇ ಉತ್ತರ ಕೊಟ್ಟುಬಿಡುತ್ತೇನೆ. ಅದು ಇತ್ಯರ್ಥವಾಗುವ ತನಕ ಮುಂದಿನ ಯಾವ ಮಾತೂ ಕಿವಿಗೆ ಇಳಿಯುವುದಿಲ್ಲ ಎಂಬುದನ್ನು ಇಷ್ಟು ವರ್ಷ ತಾಯಂದಿರ ಎದುರು ಕುಳಿತು ಕಲಿತಿದ್ದೇನೆ. ನಿಮ್ಮ ಮಗುವಿಗೆ ಆಗಿರುವುದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗುವಂಥದ್ದೂ ಅಲ್ಲ. ಮಗುವನ್ನು ಮುಟ್ಟಿ ನೋಡದೆ ಪತ್ರ ಓದಿ ರೋಗ ಹೇಳುವ ಅಭ್ಯಾಸ ನನಗಿಲ್ಲ. ಆದರೆ ನಿಮ್ಮ ವೈದ್ಯರು ಮುಟ್ಟಿ ನೋಡಿದ್ದಾರೆ, ಸ್ಕ್ಯಾನ್ ಆಗಿದೆ, ಗಂಟು ಕಂಡ ವಾರ, ಅದಿರುವ ಜಾಗ, ತಲೆ ವಾಲಿರುವ ದಿಕ್ಕು ಎಲ್ಲವೂ ಅವರ ಮಾತಿಗೆ ಸರಿಯಾಗಿ ತಾಳೆಯಾಗುತ್ತಿವೆ.

ತಪ್ಪು ಇರುವುದು ಹೆಸರಿನಲ್ಲಿ. ‘ಟ್ಯೂಮರ್’ ಎಂಬ ಲ್ಯಾಟಿನ್ ಪದಕ್ಕೆ ಮೂಲದಲ್ಲಿ ಊತ ಎಂದಷ್ಟೇ ಅರ್ಥ. ಹಳೆಯ ವೈದ್ಯರು ಆ ಅರ್ಥದಲ್ಲಿ ಇಟ್ಟ ಹೆಸರು ಇವತ್ತಿಗೂ ವರದಿಗಳಲ್ಲಿ ಉಳಿದುಕೊಂಡು ಬಾಣಂತಿಯರ ನಿದ್ದೆ ಕೆಡಿಸುತ್ತಿದೆ. ಇದರ ಇನ್ನೊಂದು ಹೆಸರು ಫೈಬ್ರೊಮಟೋಸಿಸ್ ಕೊಲೈ. ಅದೂ ಕೇಳಲು ಭಯಂಕರವೇ, ಆದರೆ ಅದರ ಅರ್ಥ ಇಷ್ಟೇ: ಕತ್ತಿನ ಒಂದು ಸ್ನಾಯುವಿನೊಳಗೆ ನಾರು ಹೆಚ್ಚಾಗಿ, ಸ್ನಾಯು ಅಲ್ಲಿ ಉಬ್ಬಿಕೊಂಡಿದೆ.

ಕನ್ನಡಿಯ ಮುಂದೆ ನಿಂತು ನಿಮ್ಮ ಮುಖವನ್ನು ಪೂರ್ತಿ ಎಡಕ್ಕೆ ತಿರುಗಿಸಿ. ಬಲಗಿವಿಯ ಹಿಂದಿನ ಮೂಳೆಯಿಂದ ಹೊರಟು ಗಂಟಲ ಗುಳಿಯ ತನಕ ಹಗ್ಗದಂತೆ ಎದ್ದು ನಿಲ್ಲುತ್ತದಲ್ಲ, ಅದೇ ಸ್ಟರ್ನೊಕ್ಲೈಡೊಮಾಸ್ಟಾಯ್ಡ್ ಸ್ನಾಯು. ಎದೆಮೂಳೆ, ಕೊರಳೆಲುಬು, ಕಿವಿಯ ಹಿಂದಿನ ಮೂಳೆ, ಮೂರರ ಹೆಸರನ್ನೂ ಸೇರಿಸಿ ಹೊಲಿದದ್ದರಿಂದ ಅಷ್ಟುದ್ದ. ಬಲಗಡೆಯದು ಬಿಗಿದರೆ ತಲೆ ಬಲಹೆಗಲಿಗೆ ವಾಲುತ್ತದೆ, ಗದ್ದ ಎಡಕ್ಕೆ ತಿರುಗುತ್ತದೆ. ನಿಮ್ಮ ಮಗಳು ಮಲಗಿರುವ ಭಂಗಿಯನ್ನು ನೀವು ಬರೆದದ್ದು ಇದನ್ನೇ. ಈ ಸ್ನಾಯುವಿನ ನಡುಭಾಗದಲ್ಲೋ ಕೆಳಭಾಗದಲ್ಲೋ ನೂಲು ಸುತ್ತಿದ ಕದಿರಿನ ಹಾಗೆ, ಮಧ್ಯ ದಪ್ಪ, ಎರಡೂ ತುದಿ ಸಣ್ಣ, ಹೀಗೊಂದು ಗಂಟು ಬೆರಳಿಗೆ ಸಿಗುತ್ತದೆ. ಸ್ನಾಯುವಿನ ಜೊತೆಗೇ ಅದು ಸರಿಯುತ್ತದೆ, ಚರ್ಮಕ್ಕೆ ಅಂಟಿರುವುದಿಲ್ಲ. ಹುಟ್ಟಿದ ದಿನ ಸಾಮಾನ್ಯವಾಗಿ ಕಾಣುವುದಿಲ್ಲ. ಎರಡರಿಂದ ನಾಲ್ಕು ವಾರದ ನಡುವೆ ಕಾಣಿಸಿಕೊಂಡು, ಮುಂದಿನ ಕೆಲವು ವಾರ ಬೆಳೆಯುತ್ತದೆ. ಹುಣಸೆ ಬೀಜ ಖರ್ಜೂರವಾಗುವ ಈ ಅವಧಿಯಲ್ಲೇ ಮನೆಯವರು ಕಂಗಾಲಾಗುವುದು. ಆಮೇಲೆ ಸ್ವಲ್ಪ ಕಾಲ ಹಾಗೇ ನಿಂತು, ನಾಲ್ಕರಿಂದ ಎಂಟು ತಿಂಗಳ ಹೊತ್ತಿಗೆ ತಾನಾಗಿಯೇ ಕುಗ್ಗಿ ಹೋಗುತ್ತದೆ. ಮೊದಲ ಹುಟ್ಟುಹಬ್ಬಕ್ಕೆ ಬಹುತೇಕ ಮಕ್ಕಳಲ್ಲಿ ಹುಡುಕಿದರೂ ಸಿಗುವುದಿಲ್ಲ.

ಅಂದ ಹಾಗೆ, ಇದನ್ನು ಮೊದಲು ಪತ್ತೆ ಮಾಡುವುದು ಹೆಚ್ಚಿನ ಸಲ ನಾವು ವೈದ್ಯರಲ್ಲ. ಕಾಲು ಚಾಚಿ ಕುಳಿತು, ಕೂಸನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆಯ ಹೆಬ್ಬೆರಳನ್ನು ಕಿವಿಯ ಹಿಂದಿನಿಂದ ಕೊರಳೆಲುಬಿನ ತನಕ ಜಾರಿಸುವ ಅಜ್ಜಿಯರ ಕೈಗೇ ಇದು ಮೊದಲು ಸಿಗುವುದು. ನಿಮ್ಮ ಮನೆಯ ಅಜ್ಜಿಯ ಬೆರಳು ಚುರುಕಾಗಿದೆ. ಅವರು ಕಂಡುಹಿಡಿದದ್ದು ಸರಿ, ಹೇಳಿದ ಮದ್ದು ಮಾತ್ರ ಸರಿಯಿಲ್ಲ. ಅದಕ್ಕೆ ಬರುತ್ತೇನೆ.

ಡಾಕ್ಟರು ಎಳೆದರೇ ಎಂದು ಕೇಳಿದ್ದೀರಿ. ಬಹಳ ಕಾಲ ವೈದ್ಯಲೋಕವೂ ಹಾಗೆಯೇ ನಂಬಿತ್ತು: ಹೆರಿಗೆಯಲ್ಲಿ ಸ್ನಾಯು ಹರಿದು, ಒಳಗೆ ರಕ್ತ ಹೆಪ್ಪುಗಟ್ಟಿ, ಅದೇ ಗಂಟಾಗುತ್ತದೆ ಎಂದು. ಆದರೆ ಇಂಥ ಗಂಟುಗಳನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಹಳೆಯ ರಕ್ತಸ್ರಾವದ ಕುರುಹು ಸಿಗಬೇಕಿತ್ತು, ಸಿಗಲಿಲ್ಲ. ಯಾರೂ ಎಳೆಯದೆ ಸಿಸೇರಿಯನ್‌ನಲ್ಲಿ ಹುಟ್ಟಿದ ಮಕ್ಕಳಲ್ಲೂ ಇದು ಬರುತ್ತದೆ. ಈಗ ಹೆಚ್ಚಿನವರು ಒಪ್ಪುವ ವಿವರಣೆ ಬೇರೆ. ಹೊಟ್ಟೆಯೊಳಗೆ ಕೊನೆಯ ವಾರಗಳಲ್ಲಿ ಜಾಗ ಸಾಲದೆ ಮಗುವಿನ ಕತ್ತು ಒಂದೇ ಕಡೆ ಮಡಿಸಿಕೊಂಡಿರುತ್ತದೆ. ತೋಳಿನ ಮೇಲೆ ತಲೆಯಿಟ್ಟು ಮಲಗಿದರೆ ಕೈ ಜೋಮು ಹಿಡಿಯುವುದಿಲ್ಲವೇ? ನಾವು ಎದ್ದು ಕೈ ಕೊಡವುತ್ತೇವೆ, ಕೂಸಿಗೆ ಕತ್ತು ಕೊಡವಲು ಜಾಗವಿಲ್ಲ. ಮಡಿಕೆ ಬಿದ್ದ ಸ್ನಾಯುವಿನೊಳಗೆ ರಕ್ತದ ಓಡಾಟ ಕುಂದಿ, ಅದು ಊದಿಕೊಂಡು, ಸೊರಗಿದ ಎಳೆಗಳ ಜಾಗದಲ್ಲಿ ನಾರು ತುಂಬುತ್ತದೆ. ಚೊಚ್ಚಲ ಬಸಿರಿನಲ್ಲಿ ಗರ್ಭಕೋಶ ಇನ್ನೂ ಬಿಗಿ. ತಲೆ ಮೇಲಾಗಿಯೇ ಉಳಿದ ಮಗುವಿಗೆ ಇಕ್ಕಟ್ಟು ಇನ್ನೂ ಹೆಚ್ಚು. ನಿಮ್ಮ ಮಗಳಲ್ಲಿ ಎರಡೂ ಇದ್ದವು. ಹಾಗಾಗಿ ಹೆರಿಗೆ ಮಾಡಿಸಿದವರ ಕೈಯ ಮೇಲೆ ಈ ಅಪವಾದ ಹೊರಿಸಬೇಡಿ. ಇನ್ನು ಗ್ರಹಣ: ಚಂದ್ರನಿಗೂ ಕತ್ತಿನ ಸ್ನಾಯುವಿಗೂ ಯಾವ ನಂಟೂ ಇಲ್ಲ. ಅತ್ತೆಯವರೊಡನೆ ವಾದಕ್ಕಿಳಿಯುವ ಬದಲು ಅವರಿಗೆ ಮಗುವನ್ನು ಬಲಕ್ಕೆ ನೋಡಿಸುವ ಕೆಲಸ ಒಪ್ಪಿಸಿ. ಹಾಡು, ಗಿಲಕಿ, ಮುಖಭಾವ, ಇವುಗಳಲ್ಲಿ ಅಜ್ಜಿಯರನ್ನು ಮೀರಿಸಿದ ಫಿಸಿಯೋಥೆರಪಿಸ್ಟ್‌ಗಳನ್ನು ನಾನು ಕಂಡಿಲ್ಲ.

ಗಂಡಮಾಲೆಯೆಂದರೆ ಕತ್ತಿನ ದುಗ್ಧಗ್ರಂಥಿಗಳಿಗೆ ಹತ್ತುವ ಕ್ಷಯ. ನಮ್ಮಲ್ಲಿ ಅದು ಅಪರೂಪವೇನಲ್ಲ, ಆದರೆ ಮೂರು ವಾರದ ಕೂಸಿನಲ್ಲಿ ಸ್ನಾಯುವಿನೊಳಗೆ ಒಂದೇ ಗಂಟಾಗಿ ಅದು ಬರುವುದಿಲ್ಲ. ಸ್ಕ್ಯಾನ್‌ನಲ್ಲೇ ಗ್ರಂಥಿ ಬೇರೆ, ಸ್ನಾಯು ಬೇರೆ ಎಂದು ಸ್ಪಷ್ಟವಾಗಿ ತಿಳಿಯುತ್ತದೆ.

ಈಗ ನನ್ನನ್ನು ನಿಜವಾಗಿ ಚಿಂತೆಗೆ ಹಚ್ಚಿದ ಸಂಗತಿಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಸೊಂಟದ ಕೀಲಿನ ಮಾತೇ ಇಲ್ಲ.

ವೃತ್ತಿಯ ಆರಂಭದ ವರ್ಷಗಳಲ್ಲಿ ನನ್ನ ಬಳಿ ಇಂಥದೇ ಒಂದು ಹೆಣ್ಣುಮಗು ಬಂದಿತ್ತು. ಗಂಟು ನೋಡಿದೆ, ತಾಯಿಗೆ ಧೈರ್ಯ ಹೇಳಿದೆ, ವ್ಯಾಯಾಮ ಕಲಿಸಿದೆ. ಏಳು ತಿಂಗಳಿಗೆ ಗಂಟು ಮಾಯವಾಯಿತು. ಕತ್ತು ನೆಟ್ಟಗಾಯಿತು. ಸಿಹಿ ತಂದುಕೊಟ್ಟು ಹೋದರು. ಒಂದೂವರೆ ವರ್ಷದಲ್ಲಿ ಅದೇ ಮಗುವನ್ನು ಮತ್ತೆ ಕರೆತಂದರು: ‘ಡಾಕ್ಟರೇ, ನಡೆಯುವಾಗ ಒಂದು ಕಡೆ ಕುಂಟುತ್ತಾಳೆ.’ ಸೊಂಟದ ಕೀಲು ಹುಟ್ಟಿನಿಂದಲೇ ಜಾರಿತ್ತು. ನಾನು ಕತ್ತನ್ನು ಹತ್ತು ಸಲ ಮುಟ್ಟಿದ್ದೆ, ತೊಡೆಯನ್ನು ಒಂದು ಸಲವೂ ಅಗಲಿಸಿ ನೋಡಿರಲಿಲ್ಲ. ಮೊದಲ ತಿಂಗಳುಗಳಲ್ಲಿ ಪಟ್ಟಿಯಲ್ಲಿ ಸರಿಹೋಗಬಹುದಾದದ್ದಕ್ಕೆ ದೊಡ್ಡ ಶಸ್ತ್ರಚಿಕಿತ್ಸೆ, ಸೊಂಟದಿಂದ ಕಾಲಿನ ತನಕ ತಿಂಗಳುಗಟ್ಟಲೆ ಪ್ಲಾಸ್ಟರ್. ಅಂದಿನಿಂದ ಕತ್ತಿನ ಗಂಟೆಂದು ಯಾರೇ ಬರಲಿ, ಮೊದಲು ಮಗುವಿನ ಲಂಗೋಟಿ ಬಿಚ್ಚಿಸುತ್ತೇನೆ. ತಾಯಂದಿರು ಮುಖಮುಖ ನೋಡಿಕೊಳ್ಳುತ್ತಾರೆ.

ಹೊಟ್ಟೆಯೊಳಗಿನ ಅದೇ ಇಕ್ಕಟ್ಟು ಕತ್ತನ್ನು ಮಡಿಸುವಂತೆ ತೊಡೆಯ ಕೀಲನ್ನೂ ಅದರ ಬಟ್ಟಲಿನಿಂದ ಜರುಗಿಸಬಲ್ಲದು. ಹೆಣ್ಣುಮಗು, ಚೊಚ್ಚಲು, ತಲೆ ಮೇಲಾಗಿದ್ದ ಬಸಿರು, ಇವು ಮೂರೂ ಕೀಲು ಜಾರುವ ಅಪಾಯವನ್ನು ಹೆಚ್ಚಿಸುವ ಅಂಶಗಳು. ನಿಮ್ಮ ಮಗಳಲ್ಲಿ ಮೂರೂ ಇವೆ. ಆರು ವಾರದ ವಯಸ್ಸು ಸೊಂಟದ ಅಲ್ಟ್ರಾಸೌಂಡ್‌ಗೆ ಸರಿಯಾದ ಹೊತ್ತು. ತಡಮಾಡಬೇಡಿ, ಈ ವಾರವೇ ಮಾಡಿಸಿ. ನಾಲ್ಕಾರು ತಿಂಗಳು ದಾಟಿದ ಮೇಲೆ ಎಕ್ಸ್‌ರೇಯನ್ನೇ ನೆಚ್ಚಬೇಕಾಗುತ್ತದೆ. ಕೀಲು ಸಡಿಲವೆಂದು ಈಗ ತಿಳಿದರೆ ಪಾವ್ಲಿಕ್ ಪಟ್ಟಿಯೆಂಬ ಮೆತ್ತನೆಯ ಬಟ್ಟೆಯ ಜೀನು ಕಟ್ಟಿ ಕೆಲವು ವಾರಗಳಲ್ಲಿ ಸರಿಪಡಿಸಬಹುದು. ಫಲಿತಾಂಶ ಸರಿಯಿದ್ದರೆ ಒಳ್ಳೆಯದೇ ಆಯಿತು. ಅಲ್ಲಿಯವರೆಗೆ ಮಗುವಿನ ಕಾಲುಗಳನ್ನು ನೇರವಾಗಿ ಜೋಡಿಸಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಬೇಡಿ. ಕಪ್ಪೆಯ ಹಾಗೆ ಕಾಲು ಅಗಲಿಸಿಕೊಳ್ಳಲು ಬಿಡಿ. ಸೊಂಟದ ಮೇಲೆ ಕೂಸನ್ನು ಕಾಲಗಲಿಸಿ ಕೂರಿಸಿಕೊಳ್ಳುವ ನಮ್ಮ ಹಳೆಯ ರೂಢಿ, ಮಗುವಿನ ಗೋಣು ನಿಂತ ಮೇಲೆ, ಕೀಲಿಗೆ ಬಹಳ ಹಿತ.

ಇನ್ನು ಗಂಟಿನ ಮೇಲೆ ಎಣ್ಣೆ ತಿಕ್ಕುವ ವಿಚಾರ. ಎಣ್ಣೆನೀರು ಬೇಡವೆನ್ನುವ ವೈದ್ಯ ನಾನಲ್ಲ. ಮೈಗೆ ಹದವಾಗಿ ಎಣ್ಣೆ ಹಚ್ಚಲಿ, ಎರೆಯಲಿ. ಆದರೆ ಆ ಗಂಟು ಬೆಣ್ಣೆಯಲ್ಲ, ತಿಕ್ಕಿದರೆ ಕರಗುವುದಿಲ್ಲ. ಒತ್ತಿ ಉಜ್ಜಿದರೆ ಕೆಳಗಿನ ರಕ್ತನಾಳಗಳ ಮೇಲೆ ಒತ್ತಡ ಬೀಳುತ್ತದೆ, ಚರ್ಮ ಕೆಂಪಾಗುತ್ತದೆ, ಮಗು ಕತ್ತು ಮುಟ್ಟಿದರೇ ಕಿರುಚುವುದನ್ನು ಕಲಿಯುತ್ತದೆ. ಆಮೇಲೆ ವ್ಯಾಯಾಮಕ್ಕೂ ಬಗ್ಗುವುದಿಲ್ಲ. ಗದ್ದ ಹಿಡಿದು ತಲೆಯನ್ನು ಮೇಲಕ್ಕೆ ಎಳೆಯುವುದು, ಪಾದ ಹಿಡಿದು ತಲೆಕೆಳಗಾಗಿ ತೂಗುವುದು, ‘ಉಳುಕು ತೆಗೆಯುತ್ತೇನೆ’ ಎಂದು ಗೋಣನ್ನು ಥಟ್ಟನೆ ತಿರುಗಿಸುವುದು, ಇವು ಮೂರಕ್ಕೂ ನನ್ನ ಸ್ಪಷ್ಟ ನಿಷೇಧವಿದೆ. ಯಾರಾದರೂ ಬರೆ ಹಾಕಿಸಿ ಎಂದರೆ ಅವರನ್ನು ಮನೆಯೊಳಗೇ ಬಿಟ್ಟುಕೊಳ್ಳಬೇಡಿ. ಗಂಟಿನ ಸುತ್ತ ಚುಕ್ಕಿಚುಕ್ಕಿಯಾಗಿ ಸುಟ್ಟ ಗಾಯವಾಗಿ, ಕೀವು ತುಂಬಿ ಬಂದ ಕೂಸುಗಳನ್ನು ನಾನು ನೋಡಿದ್ದೇನೆ.

ಹಾಗಾದರೆ ಮಾಡುವುದೇನು? ಗಂಟನ್ನು ಅದರ ಪಾಡಿಗೆ ಬಿಡಿ, ಕತ್ತಿನ ತಿರುವನ್ನು ಕಾಯಿರಿ. ಗಂಟು ಕರಗುವಾಗ ಆ ಜಾಗದ ಸ್ನಾಯು ಕೆಲವು ಮಕ್ಕಳಲ್ಲಿ ಗಿಡ್ಡವಾಗಿ ಉಳಿದುಬಿಡುತ್ತದೆ. ತೊಂದರೆ ಕೊಡುವುದು ಆ ಗಿಡ್ಡತನ. ಸ್ನಾಯುವನ್ನು ದಿನವೂ ಅದರ ಪೂರ್ತಿ ಉದ್ದಕ್ಕೆ ಎಳೆದು ಬಿಡುತ್ತಿದ್ದರೆ ಅದು ಗಿಡ್ಡವಾಗುವುದಿಲ್ಲ. ಬಲಗಡೆಯ ಸ್ನಾಯು ಬಿಗಿದಿರುವುದರಿಂದ ನಿಮ್ಮ ಮಗಳಿಗೆ ಎರಡು ಚಲನೆ ಬೇಕು: ಎಡಗಿವಿ ಎಡಹೆಗಲಿನ ಕಡೆಗೆ ಬಾಗಬೇಕು, ಗದ್ದ ಬಲಹೆಗಲಿನ ಕಡೆಗೆ ತಿರುಗಬೇಕು. ಎರಡನ್ನೂ ಬೇರೆಬೇರೆಯಾಗಿ, ಒಬ್ಬರು ಹೆಗಲನ್ನು ಮೆತ್ತಗೆ ಒತ್ತಿ ಹಿಡಿದು ಇನ್ನೊಬ್ಬರು ಅಂಗೈಯಲ್ಲಿ ತಲೆ ತುಂಬಿಕೊಂಡು ಮಾಡಬೇಕು. ಬಿಗಿ ಸಿಕ್ಕ ಜಾಗದಲ್ಲಿ ನಿಲ್ಲಿಸಿ ಹತ್ತು ಹದಿನೈದು ಸೆಕೆಂಡು ಹಿಡಿದು ಬಿಡುವುದು. ಪ್ರತಿ ಡೈಪರ್ ಬದಲಿಸುವಾಗ ಕೆಲವು ಸಲ ಮಾಡಿದರೆ ದಿನಕ್ಕೆ ಬೇಕಾದಷ್ಟಾಗುತ್ತದೆ. ಪ್ರತ್ಯೇಕ ವೇಳೆ ಎತ್ತಿಡುತ್ತೇವೆ ಎಂದವರು ಮೂರನೆಯ ವಾರಕ್ಕೆ ಬಿಟ್ಟುಬಿಡುತ್ತಾರೆ. ಹಾಲು ಕುಡಿದ ಕೂಡಲೇ ಮಾಡಬೇಡಿ, ಕಕ್ಕುತ್ತದೆ. ಮಗು ಬಲವಾಗಿ ಪ್ರತಿರೋಧಿಸಿದರೆ, ಮುಖದ ಬಣ್ಣ ಬದಲಾದರೆ, ನಿಲ್ಲಿಸಿ. ಮೊದಲ ಸಲ ಮಕ್ಕಳ ಫಿಸಿಯೋಥೆರಪಿಸ್ಟ್ ನಿಮ್ಮ ಕೈಯ ಮೇಲೆ ತಮ್ಮ ಕೈಯಿಟ್ಟು ತೋರಿಸಲಿ. ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತವರಲ್ಲಿ ಎಡಬಲ ಅದಲುಬದಲಾಗಿ, ಬಿಗಿದ ಸ್ನಾಯುವನ್ನು ಇನ್ನಷ್ಟು ಸಡಿಲ ಬಿಟ್ಟು, ಸರಿಯಿದ್ದದ್ದನ್ನು ಎಳೆಯುತ್ತಿದ್ದವರೂ ಇದ್ದರು. ಎಳೆಯುವಾಗ ಅಪರೂಪಕ್ಕೆ ಸ್ನಾಯು ಫಕ್ಕನೆ ಸಡಿಲಗೊಂಡ ಅನುಭವವಾಗಿ ಕತ್ತಿನಲ್ಲಿ ಕಂದು ಕಲೆ ಕಾಣಬಹುದು. ಗಾಬರಿ ಬೇಡ, ಆದರೆ ವ್ಯಾಯಾಮ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಈ ಕೈವ್ಯಾಯಾಮಕ್ಕಿಂತಲೂ ನಾನು ಹೆಚ್ಚು ನಂಬುವುದು ಮನೆಯ ಜೋಡಣೆಯನ್ನು. ಮಗು ತಾನಾಗಿ ಬಲಕ್ಕೆ ತಿರುಗಬೇಕಾದ ಕಾರಣಗಳನ್ನು ಸೃಷ್ಟಿಸಿ. ತೊಟ್ಟಿಲನ್ನು ಸುತ್ತಿಸಿ ಇಡಿ: ಕಿಟಕಿ, ಬಾಗಿಲು, ನಿಮ್ಮ ಹಾಸಿಗೆ, ಮನೆಯ ಗಲಾಟೆ ಎಲ್ಲವೂ ಅವಳ ಬಲಕ್ಕೆ ಬರಲಿ, ಎಡಕ್ಕೆ ಬರೀ ಗೋಡೆ. ಮಾತಾಡಿಸುವವರು ಬಲದಿಂದ ಬರಲಿ. ಹಾಲೂಡಿಸುವಾಗ ಬಲಕ್ಕೆ ತಿರುಗಿ ಬಾಯಿ ಹಾಕಬೇಕಾದ ಹಾಗೆ ಹಿಡಿಯಿರಿ. ಎತ್ತಿಕೊಂಡು ಓಡಾಡುವಾಗ ಮಗುವಿನ ಬೆನ್ನು ನಿಮ್ಮೆದೆಗೆ ಒರಗಿ, ಬಲಮಗ್ಗುಲು ಕೆಳಗಾಗಿ, ನಿಮ್ಮ ಮುಂಗೈ ಅವಳ ಬಲಗಿವಿಗೂ ಬಲಹೆಗಲಿಗೂ ನಡುವೆ ಇರಲಿ. ತಲೆಯನ್ನು ಮುಂಗೈ ತುಸು ಮೇಲೆತ್ತಿದಂತೆ ಬಲಗತ್ತು ಹಿಗ್ಗುತ್ತದೆ. ವಿಜಯನಗರದ ಮಾರುಕಟ್ಟೆಯ ಬೀದಿಯಲ್ಲಿ ಹೀಗೆ ಎತ್ತಿಕೊಂಡು ಒಂದು ಸುತ್ತು ಬಂದರೆ ನೋಡಲು ಸಿಗುವ ಬಣ್ಣಗಳಿಗೆ ಲೆಕ್ಕವಿಲ್ಲ, ಅದಕ್ಕಿಂತ ಒಳ್ಳೆಯ ವ್ಯಾಯಾಮಶಾಲೆಯೂ ಇಲ್ಲ. ಎಚ್ಚರವಿರುವಾಗ, ನಿಮ್ಮ ಕಣ್ಣೆದುರಿಗೆ, ದಿನಕ್ಕೆ ಹಲವು ಸಲ ಸ್ವಲ್ಪ ಹೊತ್ತು ಬೋರಲು ಮಲಗಿಸಿ. ನಿದ್ದೆ ಮಾತ್ರ ಅಂಗಾತವೇ.

ತಲೆ ದುಂಡಗಾಗಲೆಂದು ರಾಗಿಯದೋ ಸಾಸಿವೆಯದೋ ದಿಂಬಿಟ್ಟಿದ್ದರೆ ತೆಗೆದುಬಿಡಿ. ಮೊದಲ ವರ್ಷ ಯಾವ ದಿಂಬೂ ಬೇಡ, ಉಸಿರುಗಟ್ಟುವ ಅಪಾಯವಿದೆ. ಮೇಲಾಗಿ ಆ ದಿಂಬಿನ ಗುಳಿಯಲ್ಲಿ ತಲೆ ಕೂತರೆ ವಾಲಿದ ಕತ್ತು ವಾಲಿದಂತೆಯೇ ಇರುತ್ತದೆ. ನಿಮ್ಮ ಮಗಳ ತಲೆಯ ಹಿಂಭಾಗದ ಎಡಬದಿ ಸ್ವಲ್ಪ ಚಪ್ಪಟೆಯಾಗಿದೆಯೇ ಎಂದು ಮೇಲಿನಿಂದ ನೋಡಿ. ಸದಾ ಎಡಕ್ಕೆ ತಿರುಗಿ ಮಲಗುವುದರ ಫಲ ಅದು. ಕತ್ತು ಸಡಿಲವಾದಂತೆ ಅದೂ ಬಹಳಮಟ್ಟಿಗೆ ತುಂಬಿಕೊಳ್ಳುತ್ತದೆ.

ಹೀಗೆ ಶುರು ಮಾಡಿದ ಹತ್ತು ಮಕ್ಕಳಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ಕತ್ತರಿಯ ಅಗತ್ಯವೇ ಬೀಳುವುದಿಲ್ಲ. ನಿಮ್ಮ ಹಾಗೆ ಎರಡನೆಯ ತಿಂಗಳಲ್ಲೇ ಕೈಹಾಕಿದರೆ ಬೇಗ ಗುಣ ಕಾಣುತ್ತದೆ. ಆರು ತಿಂಗಳು ದಾಟಿ ಬಂದವರಿಗೆ ಅದೇ ಕೆಲಸಕ್ಕೆ ಒಂಬತ್ತು ಹತ್ತು ತಿಂಗಳು ಹಿಡಿದದ್ದೂ ಇದೆ. ಅಳತೆ ಸುಲಭ: ಎಳೆಗೂಸಿನ ಗದ್ದ ಎರಡೂ ಕಡೆ ಹೆಗಲಿನ ತನಕ, ಅದನ್ನು ತುಸು ದಾಟಿಯೂ, ತಿರುಗಬೇಕು. ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ ಅಂಗಾತ ಮಲಗಿಸಿ ಮೇಲಿನಿಂದ ಫೋಟೋ ತೆಗೆದಿಡಿ. ದಿನವೂ ನೋಡುವ ಕಣ್ಣಿಗೆ ಕಾಣದ ಬದಲಾವಣೆ ಅದರಲ್ಲಿ ಕಾಣುತ್ತದೆ. ಏನೂ ಮಾಡದೆ ಕಾದರೂ ಅನೇಕ ಮಕ್ಕಳು ಸರಿಹೋಗುತ್ತಾರೆ ಎಂಬುದು ನಿಜ. ಆದರೆ ಯಾವ ಮಗು ಸರಿಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂದು ಮುಂಚಿತವಾಗಿ ಹೇಳಲು ಬಾರದು. ಖರ್ಚಿಲ್ಲದ ವ್ಯಾಯಾಮವನ್ನು ಬಿಟ್ಟು ಜೂಜಾಡುವುದು ಏಕೆ?

ಸ್ನೇಹಿತರು ಹೇಳಿದ ಸಿ.ಟಿ. ಸ್ಕ್ಯಾನ್ ಈಗ ಬೇಡ. ಅಲ್ಟ್ರಾಸೌಂಡ್ ತೋರಿಸದ ಹೊಸ ವಿಷಯವನ್ನು ಅದು ಇಲ್ಲಿ ತೋರಿಸುವುದಿಲ್ಲ, ಕೂಸಿನ ಥೈರಾಯ್ಡ್ ಮೇಲೆ ವಿಕಿರಣ ಬೀಳುತ್ತದೆ. ಎಂ.ಆರ್.ಐ.ನಲ್ಲಿ ವಿಕಿರಣವಿಲ್ಲ, ಆದರೆ ಇಷ್ಟು ಚಿಕ್ಕ ಮಗುವನ್ನು ಅಲುಗಾಡದಂತೆ ಮಲಗಿಸಲು ಮಂಪರಿನ ಔಷಧಿ ಬೇಕಾಗಬಹುದು. ಸೂಜಿಪರೀಕ್ಷೆ ಇರುವುದು ಅನುಮಾನವಿರುವ ಗಂಟುಗಳಿಗೆ. ನಾನು ಅನುಮಾನಪಡುವುದು ಯಾವಾಗ? ಗಂಟು ಸ್ನಾಯುವಿನ ಹೊರಗಿದ್ದರೆ. ಮೂರು ತಿಂಗಳು ಕಳೆದರೂ ಬೆಳೆಯುತ್ತಲೇ ಇದ್ದರೆ, ಅಥವಾ ಆ ವಯಸ್ಸಿನ ಮೇಲೆ ಮೊದಲ ಬಾರಿಗೆ ಕಾಣಿಸಿಕೊಂಡರೆ. ಕೊರಳೆಲುಬಿನ ಮೇಲಿನ ಗುಳಿಯಲ್ಲಿ ಬೇರೆ ಗಂಟುಗಳು ಸಿಕ್ಕರೆ. ಚರ್ಮ ಕೆಂಪಾಗಿ ಜ್ವರ ಬಂದರೆ. ಒಂದು ಕಣ್ಣಿನ ರೆಪ್ಪೆ ಜೋತು, ಆ ಕಣ್ಣಿನ ಪಾಪೆ ಚಿಕ್ಕದಾಗಿ ಕಂಡರೆ. ಉಸಿರಾಟ, ಹಾಲು ನುಂಗುವುದು ಕಷ್ಟವಾದರೆ. ಇವುಗಳಲ್ಲಿ ಒಂದಿದ್ದರೂ ಮುಂದಿನ ವಾರದ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ.

ಆಪರೇಷನ್ ಬಗ್ಗೆ. ಒಂದು ವರ್ಷ ತುಂಬಿದ ಮೇಲೂ, ಕನಿಷ್ಠ ಆರು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿಸಿಯೂ, ಕತ್ತು ಪೂರ್ತಿ ತಿರುಗದಿದ್ದರೆ ಮಾತ್ರ ಆ ಮಾತು. ಕೊರಳೆಲುಬಿನ ಮೇಲೆ ಚರ್ಮದ ಮಡಿಕೆಯಲ್ಲಿ ಚಿಕ್ಕ ಗಾಯ ಮಾಡಿ ಗಿಡ್ಡವಾದ ಸ್ನಾಯುವಿನ ಕೆಳತುದಿಯನ್ನು, ಕೆಲವೊಮ್ಮೆ ಕಿವಿಯ ಹಿಂದಿನ ಮೇಲ್ತುದಿಯನ್ನೂ, ಬಿಡಿಸುತ್ತೇವೆ. ದೊಡ್ಡ ಶಸ್ತ್ರಚಿಕಿತ್ಸೆಯಲ್ಲ, ಹಾಗೆಂದು ಹಗುರವಾಗಿ ನೋಡುವಂಥದ್ದೂ ಅಲ್ಲ. ಪಕ್ಕದಲ್ಲೇ ದೊಡ್ಡ ರಕ್ತನಾಳವಿದೆ, ಹೆಗಲನ್ನು ಎತ್ತುವ ಸ್ನಾಯುವಿಗೆ ಹೋಗುವ ನರವಿದೆ. ಕಲೆ ಉಳಿಯಬಹುದು, ಗಂಟಲ ಬುಡದಲ್ಲಿ ಎರಡು ಸ್ನಾಯು ಸೇರಿ ಮೂಡುವ ಅಂದದ ಗುಳಿ ಒಂದು ಕಡೆ ಅಳಿಸಿಹೋಗಬಹುದು, ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ ಮಾಡದಿದ್ದರೆ ಮತ್ತೆ ಬಿಗಿಯಬಹುದು. ಸ್ನಾಯುವನ್ನು ಸಡಿಲಿಸುವ ಬೊಟುಲಿನಂ ಚುಚ್ಚುಮದ್ದನ್ನು ನಡುದಾರಿಯಾಗಿ ಕೆಲವರು ಬಳಸುತ್ತಾರೆ. ನುಂಗುವ ಸ್ನಾಯುಗಳಿಗೆ ಹರಡಿದರೆ ತೊಂದರೆ, ಆರು ವಾರದ ಮಗುವಿನಲ್ಲಿ ಅದರ ಯೋಚನೆಯೇ ಬೇಡ. ಆದರೆ ಬೇಕಾದ ಮಗುವಿಗೆ ಆಪರೇಷನ್ ಮುಂದೂಡುತ್ತಾ ಹೋಗುವುದೂ ತಪ್ಪು. ಓರೆಯಾದ ಕತ್ತಿನೊಂದಿಗೆ ವರ್ಷಗಳು ಕಳೆದಂತೆ ಮುಖದ ಆ ಅರ್ಧ ಸಣ್ಣದಾಗಿ ಬೆಳೆಯುತ್ತದೆ, ಶಾಲೆಯ ವಯಸ್ಸು ಮೀರಿದರೆ ಅದು ಪೂರ್ತಿ ಹಿಂದಿರುಗುವುದಿಲ್ಲ.

ಖರ್ಚಿನ ಚಿಂತೆಯಿದ್ದರೆ ನಿಮ್ಹಾನ್ಸ್ ಪಕ್ಕದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಮಕ್ಕಳ ಶಸ್ತ್ರಚಿಕಿತ್ಸಕರು ಸಿಗುತ್ತಾರೆ. ಜಯನಗರದ ಕಡೆಯ ಸಂಜಯ್ ಗಾಂಧಿ ಸಂಸ್ಥೆ ಮೂಳೆ, ಕೀಲುಗಳಿಗೆಂದೇ ಇರುವ ಸರ್ಕಾರಿ ಆಸ್ಪತ್ರೆ. ಸಾಲು ಉದ್ದವಿರುತ್ತದೆ, ಬೆಳಗ್ಗೆ ಬೇಗ ಹೋಗಿ, ಮಗುವಿನ ಹಳೆಯ ಸ್ಕ್ಯಾನ್ ಚಿತ್ರಗಳನ್ನು ಕೈಯಲ್ಲೇ ಇಟ್ಟುಕೊಳ್ಳಿ.

ಕೊನೆಯದಾಗಿ ನಿಮ್ಮ ಅಕ್ಕನ ಮಗ. ವಂಶದ ಪ್ರಶ್ನೆ ಸಹಜ, ಆದರೆ ನಿಮ್ಮ ಮಗಳದ್ದೂ ಅವನದ್ದೂ ಒಂದೇ ಎಂದು ಈಗಲೇ ಜೋಡಿಸಬೇಡಿ. ಒಂಬತ್ತು ವರ್ಷದ ಹುಡುಗನಲ್ಲಿ ಕತ್ತಿನ ಸ್ನಾಯು ದಪ್ಪವಾಗಿ ಕಂಡರೆ ದಾರಿಗಳು ಬೇರೆ. ಭಾರದ ಬ್ಯಾಗು ಬೆನ್ನು, ಹೆಗಲು ನೋಯಿಸುತ್ತದೆ, ನಿಜ. ಆದರೆ ಅದು ಒಂದೇ ಬದಿಯ ಈ ಸ್ನಾಯುವನ್ನು ಬೆಳೆಸಿದ್ದನ್ನು ನಾನು ನೋಡಿಲ್ಲ, ಹರೆಯಕ್ಕೆ ಬರುವ ಮುಂಚೆ ಬರೀ ಭಾರ ಹೊತ್ತು ಮಕ್ಕಳ ಸ್ನಾಯುಗಳು ಅಷ್ಟಾಗಿ ಉಬ್ಬುವುದೂ ಇಲ್ಲ. ಕೂಗಿದಾಗ, ಬಲೂನು ಊದಿದಾಗ ಮಾತ್ರ ಉಬ್ಬಿ, ಸುಮ್ಮನಾದಾಗ ಇಳಿದರೆ ಅದು ಸ್ನಾಯುವಲ್ಲ, ಹಿಗ್ಗಿದ ಕತ್ತಿನ ರಕ್ತನಾಳ. ಹೆಚ್ಚಿನ ಸಲ ನಿರುಪದ್ರವಿ, ಅಲ್ಟ್ರಾಸೌಂಡ್ ಸಾಕು. ಎರಡೂ ಬದಿ ದಪ್ಪವಿದ್ದು ಉಬ್ಬಸವಿದ್ದರೆ, ಉಸಿರೆಳೆಯಲು ಕತ್ತಿನ ಸ್ನಾಯುಗಳು ವರ್ಷಗಟ್ಟಲೆ ದುಡಿದಿರುತ್ತವೆ. ಚಿಕಿತ್ಸೆ ಉಬ್ಬಸಕ್ಕೆ ಬೇಕು. ಮೈಕೈಯೆಲ್ಲ ಪೈಲ್ವಾನನ ಹಾಗಿದ್ದೂ ಹುಡುಗ ಕುಳ್ಳಗೆ, ಮಂಕಾಗಿ, ಮಲಬದ್ಧತೆಯಿಂದ ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಥೈರಾಯ್ಡ್ ಕೊರತೆಯಲ್ಲಿ ಸ್ನಾಯುಗಳು ಸುಳ್ಳೇ ಉಬ್ಬುವುದುಂಟು, ಮಾತ್ರೆಯಲ್ಲಿ ಇಳಿಯುತ್ತವೆ. ಮುಷ್ಟಿ ಬಿಗಿಯಾಗಿ ಹಿಡಿದು ಥಟ್ಟನೆ ಬಿಡು ಎಂದಾಗ ಬೆರಳುಗಳು ನಿಧಾನವಾಗಿ ಬಿಚ್ಚಿ, ನಾಲ್ಕಾರು ಸಲ ಮಾಡಿದ ಮೇಲೆ ಸಲೀಸಾದರೆ, ಬಿಗಿದ ಸ್ನಾಯು ಬೇಗ ಸಡಿಲವಾಗದ ಮಯೋಟೋನಿಯಾ ಎಂಬ ತೊಂದರೆ ಇರಬಹುದು. ಅದು ನಿಜಕ್ಕೂ ವಂಶದಲ್ಲಿ ಬರುವಂಥದ್ದು. 1876ರಲ್ಲಿ ಅದನ್ನು ವಿವರಿಸಿದ ಥಾಮ್ಸನ್ ಎಂಬ ವೈದ್ಯ ತನ್ನನ್ನೂ ತನ್ನ ಮನೆಯವರನ್ನೂ ನೋಡಿಯೇ ಬರೆದದ್ದು. ಹಿಂದೆ ಕತ್ತಿನಲ್ಲಿ ಗಂಟು ತೆಗೆಸಿದ ಆಪರೇಷನ್ ಆಗಿದೆಯೇ ಎಂದೂ ಕೇಳಿ. ನರಕ್ಕೆ ಪೆಟ್ಟಾಗಿ ಆ ಬದಿ ಸೊರಗಿದರೆ ಸರಿಯಿರುವ ಬದಿಯೇ ದಪ್ಪವಾಗಿದೆ ಎಂದು ಕಣ್ಣಿಗೆ ಭ್ರಮೆಯಾಗುತ್ತದೆ. ತಲೆ ವಾಲಿದ್ದು ಇತ್ತೀಚೆಗೆ ಎಂದಾದರೆ, ಜೊತೆಗೆ ಬೆಳಗಿನ ತಲೆನೋವು, ವಾಂತಿ, ತೂರಾಡುವ ನಡಿಗೆ ಇದ್ದರೆ, ಅಥವಾ ಗಂಟಲು ಸೋಂಕಿನ ನಂತರ ಕತ್ತು ನೋವಿನಿಂದ ಸೆಟೆದಿದ್ದರೆ, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಆದರೆ ಫೋಟೋಗಳಲ್ಲಿ ತಲೆ ವಾಲಿಸಿಯೇ ನಿಲ್ಲುತ್ತಾನೆ ಎಂಬ ನಿಮ್ಮ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ. ಒಂದನೆಯ ಹುಟ್ಟುಹಬ್ಬದಿಂದ ಈಚಿನ ಫೋಟೋಗಳನ್ನೆಲ್ಲ ಸಾಲಾಗಿ ಇಟ್ಟು ನೋಡಲು ಅಕ್ಕನಿಗೆ ಹೇಳಿ. ಎಲ್ಲದರಲ್ಲೂ ಒಂದೇ ಕಡೆ ವಾಲಿದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಅವನನ್ನು ಟಿ.ವಿ. ಮುಂದೆ ಕೂರಿಸಿ, ಅವನಿಗಿಷ್ಟವಾದ ಕ್ರಿಕೆಟ್ಟೋ ಕಾರ್ಟೂನೋ ಹಾಕಿ, ಒಂದು ಕಣ್ಣನ್ನು ಕರ್ಚೀಫಿನಿಂದ ಮುಚ್ಚಿ ಐದು ನಿಮಿಷ ಬಿಡಿ. ಆಮೇಲೆ ಇನ್ನೊಂದನ್ನು. ಯಾವುದಾದರೂ ಒಂದು ಕಣ್ಣು ಮುಚ್ಚಿದಾಗ ತಲೆ ತಾನಾಗಿ ನೆಟ್ಟಗಾದರೆ ತೊಂದರೆ ಕತ್ತಿನಲ್ಲಿಲ್ಲ. ಕಣ್ಣನ್ನು ಹೊರಳಿಸುವ ಒಂದು ಪುಟ್ಟ ಸ್ನಾಯು ಸೋತಿರುವುದರಿಂದ ಎರಡೆರಡಾಗಿ ಕಾಣುವುದನ್ನು ತಪ್ಪಿಸಿಕೊಳ್ಳಲು ಹುಡುಗ ಇಷ್ಟು ವರ್ಷ ತಲೆ ವಾಲಿಸುತ್ತಿದ್ದಾನೆ, ಕತ್ತಿನ ಸ್ನಾಯು ಅವನಿಗೆ ಒತ್ತಾಸೆಯಾಗಿ ನಿಂತು ದಪ್ಪವಾಗಿದೆ. ಆಗ ನನ್ನಂಥ ಶಸ್ತ್ರಚಿಕಿತ್ಸಕರ ಬಳಿ ಬರುವ ಮೊದಲು ಮಕ್ಕಳ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಲಿ. ಕಣ್ಣು ಮುಚ್ಚಿದರೂ ತಲೆ ವಾಲಿದಂತೆಯೇ ಇದ್ದರೆ, ಕತ್ತಿನ ಅಲ್ಟ್ರಾಸೌಂಡ್ ಮತ್ತು ಆ ಫೋಟೋಗಳ ಸಮೇತ ನನಗೆ ಮತ್ತೊಮ್ಮೆ ಬರೆಯಲಿ.